ಬಹಿಷ್ಕರಿಸಬೇಕೋ, ಹೋಗಿ ಆಡಬೇಕೋ? ಆರ್ಥರ್ ಆಶ್ ಗೆದ್ದ ಒಂದು ಡಬಲ್ಸ್ ಕಪ್

ಆರ್ಥರ್ ಆಶ್ ಹೆಸರು ಬಂದರೆ ಎಲ್ಲರೂ 1975ರ ವಿಂಬಲ್ಡನ್ ಬಗ್ಗೆ ಮಾತಾಡ್ತಾರೆ. ಜಿಮ್ಮಿ ಕಾನರ್ಸ್‌ನನ್ನು ಸೋಲಿಸಿ ಅಲ್ಲಿ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಪುರುಷ ಆತ. ಸರಿ, ದೊಡ್ಡ ಗೆಲುವೇ. ನನ್ನ ತಲೆ ಕೊರೆಯುವುದು ಮಾತ್ರ ಅದಕ್ಕೆ ಎರಡು ವರ್ಷ ಮುಂಚಿನ ಒಂದು ಡಬಲ್ಸ್ ಪ್ರಶಸ್ತಿ. 1973ರ ನವೆಂಬರ್, ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್, ದಕ್ಷಿಣ ಆಫ್ರಿಕಾ ಓಪನ್. ವರ್ಣಭೇದ ಉತ್ತುಂಗದಲ್ಲಿದ್ದ ದೇಶಕ್ಕೆ ಒಬ್ಬ ಕಪ್ಪು ಮನುಷ್ಯ ಆಡೋಕೆ ಹೋದದ್ದು ಸರಿಯಾ?

ಆಶ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ. ಅಪ್ಪ ಕಪ್ಪು ಜನರಿಗಷ್ಟೇ ಮೀಸಲಾಗಿದ್ದ ಒಂದು ಪಾರ್ಕಿನ ಮೇಲ್ವಿಚಾರಕ. ಮನೆಯೂ ಪಾರ್ಕಿನೊಳಗೇ, ಟೆನಿಸ್ ಕೋರ್ಟ್ ಪಕ್ಕದಲ್ಲೇ. ಹುಡುಗನಿಗೆ ಆರು ವರ್ಷವಿದ್ದಾಗ ಅಮ್ಮ ತೀರಿಕೊಂಡರು. (ನಮ್ಮ ರಾಜಾಜಿನಗರ, ಬಸವೇಶ್ವರನಗರದ ಪಾರ್ಕುಗಳಲ್ಲಿ ಕಸ ಗುಡಿಸುವವರ, ಗಿಡಕ್ಕೆ ನೀರು ಬಿಡುವವರ ಮಕ್ಕಳ ಕೈಯಲ್ಲಿ ಟೆನಿಸ್ ರಾಕೆಟ್ ನೋಡಿದೀರಾ? ನಾನಂತೂ ನೋಡಿಲ್ಲ.) ಮುಂದೆ ತರಬೇತಿ ಕೊಟ್ಟವರು ಡಾಕ್ಟರ್ ರಾಬರ್ಟ್ ವಾಲ್ಟರ್ ಜಾನ್ಸನ್. ಗೆರೆಯ ಹತ್ತಿರ ಬಿದ್ದ ಅನುಮಾನದ ಚೆಂಡನ್ನು ಎದುರಾಳಿಗೇ ಬಿಟ್ಟುಕೊಡು, ಅಂಪೈರ್ ಜೊತೆ ವಾದ ಮಾಡಬೇಡ ಅಂತ ಅವರು ಕಲಿಸಿದ್ದರು. ಬಿಳಿಯರಿಗೆ ಜಗಳ ತೆಗೆಯೋಕೆ ನೆಪ ಸಿಗಬಾರದು ಅನ್ನೋದು ಲೆಕ್ಕ. ಆ ಸಂಯಮವೇ ಆಶ್‌ನ ಗುರುತಾಯಿತು. ಅದೇ ಮುಂದೆ ಟೀಕೆಗೂ ಕಾರಣವಾಯಿತು.

1968ರಲ್ಲಿ ಸೇನೆಯ ಲೆಫ್ಟಿನೆಂಟ್ ಆಗಿದ್ದಾಗಲೇ ಯುಎಸ್ ಓಪನ್ ಗೆದ್ದ. ಅಮೆಚೂರ್ ಆಟಗಾರ ಅನ್ನುವ ಕಾರಣಕ್ಕೆ 14,000 ಡಾಲರ್ ಬಹುಮಾನ ಕೈಗೆ ಬರಲಿಲ್ಲ. ಅದು ಫೈನಲ್‌ನಲ್ಲಿ ಸೋತ ಡಚ್ ಆಟಗಾರ ಟಾಮ್ ಒಕ್ಕರ್ ಪಾಲಾಯಿತು. ಆ ಒಕ್ಕರ್ ಹೆಸರು ನೆನಪಿಟ್ಟುಕೊಳ್ಳಿ.

ದಕ್ಷಿಣ ಆಫ್ರಿಕಾಕ್ಕೆ ಹೋಗಲು ಆಶ್ ಅರ್ಜಿ ಹಾಕಿದಾಗೆಲ್ಲ ವೀಸಾ ನಿರಾಕರಣೆ. 1970ರಲ್ಲಿ ಆ ದೇಶವನ್ನೇ ಡೇವಿಸ್ ಕಪ್‌ನಿಂದ ಹೊರಹಾಕಲಾಯಿತು. ಕಡೆಗೆ 1973ರಲ್ಲಿ ವೀಸಾ ಸಿಕ್ಕಿತು. ಆತನೂ ಷರತ್ತು ಹಾಕಿದ್ದ: ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದು, ತನ್ನನ್ನು ಗೌರವ ಬಿಳಿಯ ಅಂತ ಕರೆಯಬಾರದು. ಮೊದಲನೆಯ ಷರತ್ತು ಪೂರ್ತಿ ಪಾಲನೆಯಾಗಲಿಲ್ಲ. ಸೊವೆಟೊಗೆ ಹೋಗಿ ಮಕ್ಕಳಿಗೆ ಟೆನಿಸ್ ಹೇಳಿಕೊಟ್ಟ. ಅಲ್ಲಿನ ಕಪ್ಪು ಹೋರಾಟಗಾರರಲ್ಲೇ ಹಲವರು ಮುಖಕ್ಕೆ ಹೊಡೆದಂತೆ ಹೇಳಿದರು, ನೀನು ಬಂದು ಈ ಸರ್ಕಾರಕ್ಕೆ ಮರ್ಯಾದೆ ತಂದುಕೊಡ್ತಿದೀಯ ಅಂತ. ಸಿಂಗಲ್ಸ್ ಫೈನಲ್‌ನಲ್ಲಿ ಕಾನರ್ಸ್ ಎದುರು ಸೋತ. ಡಬಲ್ಸ್‌ನಲ್ಲಿ ಅದೇ ಒಕ್ಕರ್ ಜೊತೆ ಸೇರಿ ಲ್ಯೂ ಹೋಡ್, ಬಾಬ್ ಮೌಡ್ ಜೋಡಿಯನ್ನು ಸೋಲಿಸಿದ. ಆ ಟೂರ್ನಿಯ ಪುರುಷರ ಪ್ರಶಸ್ತಿಪಟ್ಟಿಗೆ ಮೊದಲ ಸಲ ಒಬ್ಬ ಕಪ್ಪು ಆಟಗಾರನ ಹೆಸರು ಸೇರಿತು.

ಮರುವರ್ಷವೇ ಭಾರತದ ಸರದಿ. ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ತಂಡ 1974ರ ಡೇವಿಸ್ ಕಪ್ ಫೈನಲ್ ತಲುಪಿತು. ಎದುರಾಳಿ, ಅಷ್ಟರಲ್ಲಿ ಟೂರ್ನಿಗೆ ಮರಳಿದ್ದ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ. ಕಪ್ ಅವರ ಪಾಲಾಯಿತು. ನಾನು ಈ ನಿರ್ಧಾರದ ಪರ. ಆಟಗಾರರ ಜೀವಮಾನದ ಅವಕಾಶ ಹೋಯಿತು ಅನ್ನೋದೂ ಗೊತ್ತು.

ವಿಜಯನಗರದ ದರ್ಶಿನಿ ಎದುರು ಕಾಫಿ ಲೋಟ ಹಿಡಿದು ಪಾಕಿಸ್ತಾನದ ಜೊತೆ ಆಡಬೇಕಾ ಬೇಡವಾ ಅಂತ ನಾವು ಗೆಳೆಯರು ಕಿತ್ತಾಡುವಾಗ ಯಾರಾದರೊಬ್ಬರು ದಕ್ಷಿಣ ಆಫ್ರಿಕಾ ಉದಾಹರಣೆ ತರ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ಕ್ರೀಡೆಯೊಳಗೇ ಜನರನ್ನು ಬಣ್ಣದಿಂದ ಬೇರ್ಪಡಿಸಿದ್ದರು, ಶೋಷಿತರೇ ಬಹಿಷ್ಕಾರ ಕೇಳಿದ್ದರು. ಎರಡು ಸರ್ಕಾರಗಳ ಹಗೆ ಬೇರೆ ವಿಷಯ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿದ್ದು ನನಗೆ ಹೆಮ್ಮೆಯೇ.

ಆಶ್ ಕೂಡ ಬದಲಾದ. ಹೋಗಿ ಆಡಿದರೆ ಗೋಡೆ ಸಡಿಲವಾದೀತು ಎಂದು ನಂಬಿದ್ದವನು ಬಹಿಷ್ಕಾರದ ಪರ ನಿಂತ. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಕಲಾವಿದರ ಮತ್ತು ಕ್ರೀಡಾಪಟುಗಳ ವರ್ಣಭೇದ ವಿರೋಧಿ ಸಂಘಟನೆ ಕಟ್ಟಿದ. 1985ರ ಜನವರಿಯಲ್ಲಿ, ಅಮೆರಿಕದ ಡೇವಿಸ್ ಕಪ್ ತಂಡದ ಕ್ಯಾಪ್ಟನ್ ಆಗಿದ್ದಾಗಲೇ, ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಎದುರು ಪ್ರತಿಭಟಿಸಿ ಅರೆಸ್ಟ್ ಆದ.

ಹೃದಯದ ಶಸ್ತ್ರಚಿಕಿತ್ಸೆ ವೇಳೆ ಕೊಟ್ಟ ರಕ್ತದಿಂದ ಎಚ್‌ಐವಿ ತಗುಲಿತ್ತು. ಗೊತ್ತಾಗಿದ್ದು 1988ರಲ್ಲಿ. ಪತ್ರಿಕೆಯೊಂದು ಸುದ್ದಿ ಮಾಡಲು ಹೊರಟಾಗ, 1992ರ ಏಪ್ರಿಲ್‌ನಲ್ಲಿ ತಾನೇ ಬಹಿರಂಗಪಡಿಸಬೇಕಾಯಿತು. ಅದೇ ಸೆಪ್ಟೆಂಬರ್‌ನಲ್ಲಿ, ಆ ಆರೋಗ್ಯದಲ್ಲೂ, ಹೈಟಿ ನಿರಾಶ್ರಿತರ ಪರವಾಗಿ ಶ್ವೇತಭವನದ ಎದುರು ನಿಂತು ಮತ್ತೆ ಬಂಧನಕ್ಕೊಳಗಾದ. 1993ರ ಫೆಬ್ರವರಿ 6ರಂದು ತೀರಿಕೊಂಡಾಗ 49 ವರ್ಷ.

1996ರಲ್ಲಿ ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂದಲ್ಲಿ, ಗುಲಾಮಗಿರಿ ಉಳಿಸಲು ಹೋರಾಡಿದ ಸೇನಾನಿಗಳ ಸಾಲಿಗೆ ಆಶ್ ಪ್ರತಿಮೆಯನ್ನೂ ನಿಲ್ಲಿಸಿದರು. 2020-21ರಲ್ಲಿ ಆ ಸೇನಾನಿಗಳ ಪ್ರತಿಮೆಗಳನ್ನು ಒಂದೊಂದಾಗಿ ಇಳಿಸಿದರು. ಆಶ್ ಪ್ರತಿಮೆ ಅಲ್ಲೇ ಇದೆ.