ಬರ್ತ್ ಮೊರಿಸೊ: ‘ಉದ್ಯೋಗ ಇಲ್ಲ’ ಎಂದು ಬರೆಸಿಕೊಂಡ ಚಿತ್ರಕಲಾವಿದೆ

1895ರ ಮಾರ್ಚ್ 2ರಂದು ಪ್ಯಾರಿಸ್ ನಗರದಲ್ಲಿ ಬರ್ತ್ ಮೊರಿಸೊ ಎಂಬ ಮಹಿಳೆ ತೀರಿಕೊಂಡರು. ಆಗ ಅವರ ವಯಸ್ಸು 54. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರ ಬರೆದು, ಪ್ರದರ್ಶನಗಳಲ್ಲಿ ಇಟ್ಟು, ಮಾರಿದ್ದರು. ಹಿಂದಿನ ವರ್ಷವಷ್ಟೇ ಫ್ರಾನ್ಸ್ ಸರ್ಕಾರವೇ ಅವರ ಒಂದು ಚಿತ್ರವನ್ನು ಕೊಂಡಿತ್ತು. ಆದರೂ ಮರಣಪತ್ರದಲ್ಲಿ ಉದ್ಯೋಗ ಇಲ್ಲ ಎಂದು ಬರೆದರು.

ಕಾಮರ್ಸ್ ಹುಡುಗಿಗೆ ಚಿತ್ರಕಲೆ ಯಾಕೆ ಎಂದು ಕೇಳಬೇಡಿ. ಈ ಒಂದು ಸಾಲೇ ನನ್ನನ್ನು ಹಿಡಿದುಕೊಂಡದ್ದು. ನಮ್ಮ ಅಮ್ಮಿ ರಾತ್ರಿ ಹನ್ನೊಂದರವರೆಗೆ ಸೀರೆಗಳಿಗೆ ಕುಚ್ಚು ಹಾಕುತ್ತಾರೆ. ನನ್ನ ಪ್ರವೇಶ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ಗೃಹಿಣಿ ಎಂದಿದೆ. ಆದ್ದರಿಂದ ಬರ್ತ್ ಅವರ ಕಥೆ ನನಗೆ ಅಷ್ಟು ದೂರದ್ದು ಅನ್ನಿಸಲಿಲ್ಲ.

ಬರ್ತ್ ಹುಟ್ಟಿದ್ದು 1841ರ ಜನವರಿ 14ರಂದು, ಫ್ರಾನ್ಸ್‌ನ ಬೂರ್ಜ್ ಎಂಬ ಊರಿನಲ್ಲಿ. ತಂದೆ ಸರ್ಕಾರದ ದೊಡ್ಡ ಅಧಿಕಾರಿ, ನಮ್ಮಲ್ಲಿ ಜಿಲ್ಲಾಧಿಕಾರಿ ಇದ್ದ ಹಾಗೆ. ಕುಟುಂಬ ಪ್ಯಾರಿಸ್‌ಗೆ ಬಂದ ಮೇಲೆ ತಾಯಿ ಹೆಣ್ಣುಮಕ್ಕಳಿಗೆ ಚಿತ್ರಕಲೆಯ ಪಾಠ ಹೇಳಿಸಿದರು. ಒಳ್ಳೆಯ ಮನೆತನದ ಹುಡುಗಿಯರಿಗೆ ಪಿಯಾನೊ, ಕಸೂತಿ, ಚಿತ್ರ ಸ್ವಲ್ಪ ಬಂದರೆ ಸಾಕು ಎಂಬ ಕಾಲ ಅದು. ಬರ್ತ್ ಮತ್ತು ಅವರ ಅಕ್ಕ ಎಡ್ಮಾ ಅದನ್ನು ಸ್ವಲ್ಪಕ್ಕೆ ನಿಲ್ಲಿಸಲಿಲ್ಲ. ಗುರು ಗಿಶಾರ್ ಅವರೇ ಹೆದರಿ, ಈ ಹುಡುಗಿಯರು ನಿಜವಾದ ಕಲಾವಿದೆಯರಾಗಿಬಿಡುತ್ತಾರೆ, ನಿಮ್ಮಂಥ ಮನೆಗೆ ಅದು ಅನಾಹುತ ಎಂದು ತಾಯಿಯನ್ನು ಎಚ್ಚರಿಸಿದರು. ತಾಯಿ ಪಾಠ ಬಿಡಿಸಲಿಲ್ಲ. ಸರ್ಕಾರಿ ಕಲಾಶಾಲೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಅದು ಸಿಕ್ಕಿದ್ದು 1897ರಲ್ಲಿ, ಬರ್ತ್ ಸತ್ತು ಎರಡು ವರ್ಷವಾದ ಮೇಲೆ. ಅಕ್ಕತಂಗಿ ಲೂವ್ರ್ ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳನ್ನು ನೋಡಿ ಬರೆದು ಕಲಿತರು. ಆಮೇಲೆ ಕೊರೊ ಎಂಬ ಹಿರಿಯ ಕಲಾವಿದರ ಬಳಿ ಬಯಲಿನಲ್ಲಿ ಕುಳಿತು ಚಿತ್ರಿಸುವುದನ್ನು ಕಲಿತರು. 1864ರಲ್ಲಿ, 23ನೇ ವಯಸ್ಸಿಗೆ, ಸಲೋನ್ ಎಂಬ ಸರ್ಕಾರಿ ಪ್ರದರ್ಶನಕ್ಕೆ ಬರ್ತ್ ಅವರ ಎರಡು ಚಿತ್ರಗಳು ಆಯ್ಕೆಯಾದವು.

1869ರಲ್ಲಿ ಎಡ್ಮಾ ನೌಕಾಪಡೆಯ ಅಧಿಕಾರಿಯೊಬ್ಬರನ್ನು ಮದುವೆಯಾಗಿ ದೂರದ ಊರಿಗೆ ಹೋದರು. ಚಿತ್ರ ಬರೆಯುವುದನ್ನು ಬಿಟ್ಟುಬಿಟ್ಟರು. ಬಣ್ಣಗಳ ವಾಸನೆಯನ್ನು, ತಂಗಿಯ ಕೋಣೆಯನ್ನು ನೆನೆದು ಪತ್ರ ಬರೆಯುತ್ತಿದ್ದರಂತೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ಕುಂಚ ಕಿತ್ತುಕೊಳ್ಳಲಿಲ್ಲ, ತಾನಾಗಿಯೇ ನಿಂತುಹೋಯಿತು. ನನ್ನನ್ನು ಬರ್ತ್‌ಗಿಂತ ಹೆಚ್ಚು ಕಾಡುವವರು ಈ ಎಡ್ಮಾ. ನಮ್ಮ ಆಪಾ ಪಿಯುಸಿಯಲ್ಲಿ ಬರೆದ ಬಯಾಲಜಿ ರೆಕಾರ್ಡ್ ಈಗಲೂ ನಮ್ಮ ಬೀರುವಿನಲ್ಲಿದೆ. ಅದರ ಚಿತ್ರಗಳನ್ನು ನೋಡಿದವರು ಪ್ರಿಂಟ್ ಎಂದುಕೊಳ್ಳುತ್ತಾರೆ. ಆಪಾ ಈಗ ಚನ್ನಪಟ್ಟಣದಲ್ಲಿ ಅತ್ತೆ ಮನೆಯಲ್ಲಿ ಸುಖವಾಗಿದ್ದಾರೆ.

ಆ ಹೊತ್ತಿಗೆ ಬರ್ತ್‌ಗೆ ಎಡ್ವರ್ಡ್ ಮಾನೆ ಎಂಬ ಹೆಸರಾಂತ ಕಲಾವಿದರ ಪರಿಚಯವಾಗಿತ್ತು. (ಮಾನೆ ಬೇರೆ, ಮೊನೆ ಬೇರೆ. ನಾನೂ ಎರಡು ಸಲ ಓದಬೇಕಾಯಿತು.) ತಾಯಿ ಮತ್ತು ಗರ್ಭಿಣಿ ಎಡ್ಮಾ ಜೊತೆಯಾಗಿ ಕುಳಿತಿರುವ ಒಂದು ದೊಡ್ಡ ಚಿತ್ರವನ್ನು ಬರ್ತ್ 1870ರ ಸಲೋನ್‌ಗೆ ಸಿದ್ಧಪಡಿಸಿದ್ದರು. ಮಾನೆ ನೋಡಲು ಬಂದವರು ಚೆನ್ನಾಗಿದೆ ಎನ್ನುತ್ತಲೇ ಕುಂಚ ತೆಗೆದುಕೊಂಡು ತಾಯಿಯ ಲಂಗ ತಿದ್ದಿದರು. ಆಮೇಲೆ ಎದೆಯ ಭಾಗ, ಆಮೇಲೆ ಮುಖ, ಹೀಗೆ ತಿದ್ದುತ್ತಲೇ ಹೋದರು. ಚಿತ್ರವನ್ನು ಒಯ್ಯುವ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ಅದು ಆಯ್ಕೆಯಾಗದೆ ಹೋದರೇ ಸಾಕು ಎಂದು ಬರ್ತ್ ಬಯಸಿದರು. ಆದರೆ ಆಯ್ಕೆಯಾಯಿತು. ಎಷ್ಟೇ ದೊಡ್ಡವರಾದರೂ ಇನ್ನೊಬ್ಬರ ಉತ್ತರಪತ್ರಿಕೆಯಲ್ಲಿ ಬರೆಯಬಾರದು ಅಲ್ಲವೇ?

1874ರಲ್ಲಿ ಮೊನೆ, ರೆನ್ವಾರ್, ಪಿಸಾರೊ, ದೆಗಾ ಮೊದಲಾದ ಸುಮಾರು 30 ಮಂದಿ ಸಲೋನ್ ಬೇಡವೆಂದು ನಾದಾರ್ ಎಂಬ ಫೋಟೊಗ್ರಾಫರ್ ಬಿಟ್ಟುಕೊಟ್ಟ ಸ್ಟುಡಿಯೋದಲ್ಲಿ ತಮ್ಮದೇ ಪ್ರದರ್ಶನ ಮಾಡಿದರು. ಅದರಲ್ಲಿದ್ದ ಹೆಣ್ಣು ಬರ್ತ್ ಒಬ್ಬರೇ. ಈ ಗುಂಪಿಗೇ ಮುಂದೆ ಇಂಪ್ರೆಷನಿಸ್ಟರು ಎಂಬ ಹೆಸರು ಬಂತು. ಇವರ ವಿಧಾನ ನಮ್ಮ ಕಡೆಯವರಿಗೆ ಕಷ್ಟವಿಲ್ಲ. ಮಾಗಡಿ ಕಡೆಯಿಂದ ಸಾವನದುರ್ಗ ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು, ಮಳೆ ನಿಂತ ಮೇಲೆ ಇನ್ನೊಂದು. ಬಂಡೆಯ ಗೆರೆಗಿಂತ ಆ ಗಳಿಗೆಯ ಬೆಳಕನ್ನು ಬೇಗಬೇಗ ಹಿಡಿಯುವುದೇ ಇವರ ಕೆಲಸ. ಕನ್ನಡ ನಾಡಿನಲ್ಲಿ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಹೀಗೆಯೇ ಬಯಲಲ್ಲಿ ನಿಂತು ಚಿತ್ರಿಸಿದರು.

ಈ ಗುಂಪನ್ನು ಬಿಡಿಸಿ ಎಂದು ಗಿಶಾರ್ ಮತ್ತೆ ತಾಯಿಗೆ ಪತ್ರ ಬರೆದರು. ಪತ್ರಿಕೆಗಳು ಗೇಲಿ ಮಾಡಿದವು. ಮರುವರ್ಷ, 1875ರ ಮಾರ್ಚ್‌ನಲ್ಲಿ, ಬರ್ತ್, ಮೊನೆ, ರೆನ್ವಾರ್, ಸಿಸ್ಲಿ ನಾಲ್ವರೂ ಸೇರಿ ತಮ್ಮ ಚಿತ್ರಗಳನ್ನು ಹರಾಜಿಗಿಟ್ಟರು. ಜನ ಕೂಗಾಡಿದರು. ಒಬ್ಬ ಬರ್ತ್ ಬಗ್ಗೆ ಕೆಟ್ಟ ಮಾತಾಡಿದಾಗ ಪಿಸಾರೊ ಅವನಿಗೆ ಒಂದು ಗುದ್ದು ಕೊಟ್ಟರು, ಪೊಲೀಸರು ಬರಬೇಕಾಯಿತು. ಆದರೆ ಅಂದು ಅತಿ ಹೆಚ್ಚು ಬೆಲೆ, 480 ಫ್ರಾಂಕ್, ಸಿಕ್ಕಿದ್ದು ಬರ್ತ್ ಅವರ ಚಿತ್ರಕ್ಕೆ. ಇಂದು ಪ್ರಪಂಚಕ್ಕೆಲ್ಲ ಗೊತ್ತಿರುವ ಮೊನೆಗೂ ರೆನ್ವಾರ್‌ಗೂ ಅಷ್ಟು ಸಿಗಲಿಲ್ಲ.

1874ರ ಡಿಸೆಂಬರ್‌ನಲ್ಲೇ ಅವರು ಎಡ್ವರ್ಡ್ ಮಾನೆಯ ತಮ್ಮ ಯೂಜೀನ್ ಅವರನ್ನು ಮದುವೆಯಾಗಿದ್ದರು. ಎಡ್ಮಾಗೆ ಆದದ್ದು ಇವರಿಗೆ ಆಗಲಿಲ್ಲ. ಒಂದು ಕಾರಣ ಯೂಜೀನ್: ಹೆಂಡತಿಯ ಪ್ರದರ್ಶನಗಳ ಓಡಾಟವನ್ನು ತಾವು ಮಾಡುತ್ತಿದ್ದರು. ಇನ್ನೊಂದು ಕಾರಣ ಹಣ, ಅದನ್ನೂ ಹೇಳಬೇಕು. ಮನೆಯಲ್ಲಿ ಅಡುಗೆಯವರು, ಮಗುವಿಗೆ ದಾದಿ ಇದ್ದರು. ಸಂಬಳದ ದಾದಿ ತನ್ನ ಮಗಳು ಜೂಲಿಗೆ ಹಾಲೂಡಿಸುತ್ತಿರುವುದನ್ನು ಬರ್ತ್ ಚಿತ್ರಿಸಿದ್ದಾರೆ. ಒಬ್ಬ ಹೆಂಗಸು ದುಡಿಯುತ್ತಿದ್ದಾಳೆ, ಇನ್ನೊಬ್ಬಳು ಅವಳ ಎದುರು ಕುಳಿತು ದುಡಿಯುತ್ತಿದ್ದಾಳೆ. ಗಂಡಸರ ಹಾಗೆ ಹೋಟೆಲು, ಬೀದಿ ಎಂದು ಒಬ್ಬರೇ ತಿರುಗುವಂತಿರಲಿಲ್ಲ. ಅದಕ್ಕೇ ಅವರ ಚಿತ್ರಗಳಲ್ಲಿ ತೋಟ, ಬಾಲ್ಕನಿ, ಕನ್ನಡಿ ಮುಂದಿನ ಹುಡುಗಿ, ಬಟ್ಟೆ ಒಣಹಾಕುವವರು. ಇಂಪ್ರೆಷನಿಸ್ಟರ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಅವರಿದ್ದರು. ತಪ್ಪಿದ್ದು 1879ರದು ಮಾತ್ರ, ಜೂಲಿ ಆಗ ಕೆಲವೇ ತಿಂಗಳ ಕೂಸು. ಚಿತ್ರಗಳಿಗೆ ಕೊನೆಯವರೆಗೂ ಮೊರಿಸೊ ಎಂದೇ ಸಹಿ ಹಾಕಿದರು.

1892ರಲ್ಲಿ ಯೂಜೀನ್ ತೀರಿಕೊಂಡರು. ಮೂರು ವರ್ಷದ ನಂತರ, ಕಾಯಿಲೆ ಬಿದ್ದ ಜೂಲಿಯ ಆರೈಕೆ ಮಾಡುತ್ತ ಬರ್ತ್ ತಾವೇ ನ್ಯುಮೋನಿಯಾಗೆ ತುತ್ತಾದರು. ಜೂಲಿಗೆ ಆಗ 16 ವರ್ಷ, ನಮಗಿಂತ ಒಂದು ವರ್ಷ ಚಿಕ್ಕವರು. ಸಮಾಧಿಯ ಮೇಲೆ ಇರುವುದು ಬರ್ತ್ ಮೊರಿಸೊ, ಯೂಜೀನ್ ಮಾನೆಯ ವಿಧವೆ ಎಂದಷ್ಟೇ. ಮರುವರ್ಷ ದೆಗಾ, ಮೊನೆ, ರೆನ್ವಾರ್ ಮತ್ತು ಕವಿ ಮಲಾರ್ಮೆ ಜೂಲಿಯ ಜೊತೆ ನಿಂತು ಅವರ ಮುನ್ನೂರಕ್ಕೂ ಹೆಚ್ಚು ಕೃತಿಗಳನ್ನು ತಾವೇ ಗೋಡೆಗೆ ಏರಿಸಿ ಪ್ರದರ್ಶನ ಮಾಡಿದರು. 2013ರಲ್ಲಿ ಲಂಡನ್ ಹರಾಜಿನಲ್ಲಿ ಅವರ ಒಂದು ಚಿತ್ರ ಒಂದು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು.

ಅವರ ಅತ್ಯಂತ ಪ್ರಸಿದ್ಧ ಚಿತ್ರ 1872ರ ‘ತೊಟ್ಟಿಲು’. ತೆಳುವಾದ ಪರದೆಯ ಹಿಂದೆ ಮಗು ಮಲಗಿದೆ, ತಾಯಿ ಕೆನ್ನೆಗೆ ಕೈಯಿಟ್ಟು ನೋಡುತ್ತಿದ್ದಾಳೆ. ಆ ತಾಯಿ ಎಡ್ಮಾ. 1874ರ ಪ್ರದರ್ಶನದಲ್ಲಿಟ್ಟರೂ ಅದನ್ನು ಯಾರೂ ಕೊಳ್ಳಲಿಲ್ಲ. 1930ರಲ್ಲಿ ಲೂವ್ರ್ ಮ್ಯೂಸಿಯಂ ಕೊಳ್ಳುವವರೆಗೂ ಅದು ಎಡ್ಮಾ ಅವರ ಕುಟುಂಬದಲ್ಲೇ ಇತ್ತು.