ಆಡುಬಾನ್ ಮತ್ತು ಹೊಗೆಗೂಡಿನ ಬಾನಾಡಿ

ಹಕ್ಕಿಗಳ ಚಿತ್ರಗಾರನೆಂದು ಲೋಕಪ್ರಸಿದ್ಧನಾದ ಜಾನ್ ಜೇಮ್ಸ್ ಆಡುಬಾನನ ಚರಿತ್ರೆ ನನ್ನನ್ನು ಸೆಳೆದದ್ದು ಆತನ ಚಿತ್ರಗಳಿಂದಲ್ಲ, ಒಂದು ಟೊಳ್ಳು ಮರದ ವೃತ್ತಾಂತದಿಂದ.

ಆತ ಹುಟ್ಟಿದ್ದು 1785ರಲ್ಲಿ, ಇಂದು ಹೈಟಿಯೆನ್ನುವ ನಾಡಿನಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ. 1803ರಲ್ಲಿ ಅಮೆರಿಕಕ್ಕೆ ಬಂದು, ಕೆಲಕಾಲದ ಮೇಲೆ ಕೆಂಟಕಿಯ ಲೂಯಿವಿಲ್ ಪಟ್ಟಣದಲ್ಲಿ ಅಂಗಡಿಯಿಟ್ಟ. ವ್ಯಾಪಾರ ಒಗ್ಗಲಿಲ್ಲ, ಮನಸ್ಸೆಲ್ಲ ಕಾಡಿನಲ್ಲಿ.

ಆ ಊರಿನ ಬಳಿ ಅರುವತ್ತು ಎಪ್ಪತ್ತು ಅಡಿ ಎತ್ತರದ ಸಿಕಮೋರ್ ಮರವೊಂದಿತ್ತು. ಒಳಗೆಲ್ಲ ಟೊಳ್ಳು. ಇಂಗ್ಲಿಷರು ಸ್ವಿಫ್ಟ್ ಎಂದು ಕರೆಯುವ ಬಾನಾಡಿಗಳು ಸಂಜೆಯಾಗುತ್ತಲೆ ಹಿಂಡುಹಿಂಡಾಗಿ ಬಂದು ಅದರೊಳಗೆ ಧುಮುಕುತ್ತಿದ್ದುವು. ಆಡುಬಾನ್ ಕಾಂಡಕ್ಕೆ ಕಿವಿಯಿಟ್ಟು ಒಳಗಿನ ಮೊರೆತವನ್ನು ಆಲಿಸಿದ. ಆಮೇಲೆ ಬುಡದಲ್ಲಿ ಕಂಡಿ ಕೊರೆಸಿ, ರಾತ್ರಿ ಲಾಂದ್ರ ಹಿಡಿದು ಒಳಹೊಕ್ಕ. ಸುತ್ತಲೂ ಹಕ್ಕಿಗಳು ಒತ್ತೊತ್ತಾಗಿ ಜೋತುಬಿದ್ದಿದ್ದುವು. ಒಂದು ಚದರ ಅಡಿಗೆ ಎಷ್ಟೆಂದು ಗುಣಿಸಿ, ಒಟ್ಟು ಸುಮಾರು 9000 ಎಂದು ಲೆಕ್ಕಹಾಕಿದ. ಜೊತೆಗೆ ನೂರಕ್ಕೂ ಮಿಕ್ಕಿ ಹಕ್ಕಿಗಳನ್ನು ಕೊಂದು ಜೇಬುಗಳಲ್ಲಿ ತುಂಬಿಕೊಂಡ! ಆ ಕಾಲದ ಪಕ್ಷಿಶಾಸ್ತ್ರದ ರೀತಿಯೇ ಅದೆಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಆ ಸಮಾಧಾನ ಸಾಲದು. ಆತ ಗುಲಾಮರನ್ನು ಇಟ್ಟುಕೊಂಡು ಮಾರಿದ್ದುದನ್ನೂ ಮರೆಮಾಚಬೇಕಾಗಿಲ್ಲ.

1819ರಲ್ಲಿ ದಿವಾಳಿಯಾಗಿ ಸಾಲಕ್ಕಾಗಿ ಸೆರೆಮನೆ ಕಂಡ. ಪತ್ನಿ ಲೂಸಿ ಮಕ್ಕಳಿಗೆ ಪಾಠ ಹೇಳಿ ಸಂಸಾರ ತೂಗಿಸಿದಳು. ಈ ಸಾಧ್ವಿಯ ಚರಿತ್ರೆಯೂ ತಿಳಿಯತಕ್ಕದ್ದು. ಆತ 1826ರಲ್ಲಿ ಬ್ರಿಟನ್ನಿಗೆ ಹೋಗಿ, 1827ರಿಂದ 1838ರವರೆಗೆ 435 ಫಲಕಗಳ ‘ದಿ ಬರ್ಡ್ಸ್ ಆಫ್ ಅಮೆರಿಕ’ವನ್ನು ಹೊರತಂದ. 1851ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಲೂಸಿಯ ಬಳಿ ಓದಿದ ಹುಡುಗ ಜಾರ್ಜ್ ಬರ್ಡ್ ಗ್ರಿನೆಲ್, 1886ರಲ್ಲಿ ಹಕ್ಕಿಗಳ ರಕ್ಷಣೆಗೆ ಸಂಘ ಕಟ್ಟಿ ಅದಕ್ಕೆ ಇಟ್ಟದ್ದು ಆಡುಬಾನನ ಹೆಸರನ್ನೇ!

ಇತ್ತ ಕಾಡು ಕಡಿದಂತೆಲ್ಲ ಟೊಳ್ಳು ಮರಗಳು ಹೋದುವು. ಈ ಬಾನಾಡಿಗೆ ಕೊಂಬೆಯ ಮೇಲೆ ಕೂರಲು ಬಾರದು. ನೆಟ್ಟನೆಯ ಒರಟು ಗೋಡೆಗೆ ಉಗುರು ಸಿಕ್ಕಿಸಿ ನೇತಾಡಬೇಕು. ಕಡ್ಡಿಗಳನ್ನು ಜೊಲ್ಲಿನಿಂದ ಅಂಟಿಸಿ ಗೂಡು ಕಟ್ಟುತ್ತದೆ. ಆದುದರಿಂದ ಮನೆಗಳ ಇಟ್ಟಿಗೆಯ ಹೊಗೆಗೂಡುಗಳನ್ನು ಸೇರಿತು. ಮರ ಕಡಿದವನೇ ಮನೆ ಕೊಟ್ಟಂತಾಯಿತು. ಈಗ ಅನೇಕ ಹೊಗೆಗೂಡುಗಳ ಬಾಯಿಗೆ ಮುಚ್ಚಳ ಬಿದ್ದಿದೆ. ಹಲವಕ್ಕೆ ಒಳಗೆ ಉಗುರು ನಾಟದ ನುಣುಪು ಲೋಹದ ಕೊಳವೆ. ತಿನ್ನುವ ಹುಳುಹುಪ್ಪಟೆಯೂ ಕಡಿಮೆ. 1966ರಿಂದೀಚೆಗೆ ಇವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ಕೆನಡ ದೇಶವು 2009ರಲ್ಲಿ ಇದನ್ನು ಅಪಾಯಕ್ಕೊಳಗಾದ ಹಕ್ಕಿಗಳ ಪಟ್ಟಿಗೆ ಸೇರಿಸಿತು.

ಐಯೋವದ ಆಲ್ತಿಯಾ ಶರ್ಮನ್ ಎಂಬಾಕೆ 1915ರಲ್ಲೇ 28 ಅಡಿಯ ಗೋಪುರ ಕಟ್ಟಿಸಿ, ಒಳಗೊಂದು ಹುಸಿ ಹೊಗೆಗೂಡು ಮಾಡಿಸಿ ಈ ಹಕ್ಕಿಯ ಸಂಸಾರವನ್ನು ಕಣ್ಣಾರೆ ಕಂಡಳು. ಈಗ ಕೆಲವು ಗೃಹಸ್ಥರು ಬೇಸಗೆಯಲ್ಲಿ ಮುಚ್ಚಳ ತೆಗೆದಿಟ್ಟು, ಹಕ್ಕಿಗಳು ದಕ್ಷಿಣ ಅಮೆರಿಕಕ್ಕೆ ಹೊರಟ ಮೇಲೆಯೇ ಹೊಗೆಗೂಡನ್ನು ಗುಡಿಸುತ್ತಾರೆ. ಆಡುಬಾನನ ಹೆಸರಿನ ಸಂಘದವರೂ ಅಲ್ಲಲ್ಲಿ ಗೋಪುರಗಳನ್ನು ನಿಲ್ಲಿಸಿದ್ದಾರೆ. ಅವುಗಳ ಒಳಮೈಯನ್ನು ಬೇಕೆಂದೇ ಒರಟಾಗಿ ಬಿಟ್ಟಿರುತ್ತಾರೆ.