ಹೆಸರು ಕಳೆದುಕೊಂಡ ಬೆಂಟ್ಲಿ

1931ರ ನವೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯವೊಂದರಲ್ಲಿ ದಿವಾಳಿಯೆದ್ದ ಕಾರು ಕಂಪನಿಯೊಂದರ ಮಾರಾಟ ನಡೆಯಿತು. ನೇಪಿಯರ್ ಎಂಬ ಎಂಜಿನ್ ತಯಾರಕ ಸಂಸ್ಥೆಗೆ ಅದು ಸಲ್ಲುವುದು ಬಹುತೇಕ ಖಚಿತವಾಗಿತ್ತು. ಸ್ಥಾಪಕ ಡಬ್ಲ್ಯು.ಒ. ಬೆಂಟ್ಲಿ ಆ ಹೊಸ ಒಡೆಯರಿಗಾಗಿ ಕಾರು ರೂಪಿಸಲು ಸಿದ್ಧನಾಗಿದ್ದ. ಕೊನೆಯ ಗಳಿಗೆಯಲ್ಲಿ ಯಾರೂ ನಿರೀಕ್ಷಿಸದಿದ್ದ ಟ್ರಸ್ಟ್ ಒಂದು ಹೆಚ್ಚಿನ ಬೆಲೆ ನೀಡಲು ಮುಂದೆ ಬಂತು. ಮುಚ್ಚಿದ ಲಕೋಟೆಗಳಲ್ಲಿ ದರ ಕೇಳಲಾಯಿತು, ಟ್ರಸ್ಟ್ ಗೆದ್ದಿತು. ಟೆಂಡರು ತೆರೆಯುವ ಮೇಜಿನ ಮುಂದೆ ಕುಳಿತ ಯಾರಿಗೂ ಅಂಥ ಗಳಿಗೆಯ ಮೌನ ಅಪರಿಚಿತವಲ್ಲ. ಟ್ರಸ್ಟಿನ ಹಿಂದಿದ್ದುದು ಪ್ರತಿಸ್ಪರ್ಧಿ ರೋಲ್ಸ್ ರಾಯ್ಸ್ ಎಂಬುದು ಬೆಂಟ್ಲಿಗೆ ತಿಳಿದದ್ದು ಆಮೇಲೆ. ಸುಮಾರು 1,25,000 ಪೌಂಡುಗಳಿಗೆ ಕಂಪನಿಯೊಡನೆ ಅವನ ಹೆಸರೂ ಕೈಬದಲಾಗಿತ್ತು.

ವಾಲ್ಟರ್ ಓವನ್ ಬೆಂಟ್ಲಿ 1888ರಲ್ಲಿ ಲಂಡನ್ನಿನ ಅನುಕೂಲಸ್ಥ ಕುಟುಂಬವೊಂದರಲ್ಲಿ ಒಂಬತ್ತನೆಯ ಮಗುವಾಗಿ ಜನಿಸಿದ. ಅವನ ಮೊದಲ ಮೋಹ ರೈಲು. 16ರ ಪ್ರಾಯದಲ್ಲೇ ಡಾಂಕಾಸ್ಟರಿನ ರೈಲ್ವೆ ಕಾರ್ಯಾಗಾರ ಸೇರಿದ. 1912ರಲ್ಲಿ ಅಣ್ಣನೊಡನೆ ಡಿ.ಎಫ್.ಪಿ. ಎಂಬ ಫ್ರೆಂಚ್ ಕಾರುಗಳ ಮಾರಾಟಕ್ಕಿಳಿದ. ಆ ಕಾರ್ಖಾನೆಯ ಕಚೇರಿಯಲ್ಲಿ, ಕಾಗದ ಹಾರದಂತೆ ಮೇಜಿನ ಮೇಲಿಟ್ಟಿದ್ದ ಪುಟ್ಟ ಅಲ್ಯುಮಿನಿಯಂ ಪಿಸ್ಟನ್ ಅವನ ಕಣ್ಣಿಗೆ ಬಿತ್ತು. ಎರಕದ ಕಬ್ಬಿಣಕ್ಕಿಂತ ಹಗುರವಾದ, ಶಾಖವನ್ನು ಬೇಗ ಬಿಟ್ಟುಕೊಡುವ ಆ ಲೋಹವನ್ನು ಎಂಜಿನ್ನಿಗೆ ಅಳವಡಿಸಿದ. ಮೊದಲ ಮಹಾಯುದ್ಧದಲ್ಲಿ ಸಾಪ್‌ವಿತ್ ಕ್ಯಾಮಲ್ ವಿಮಾನದ ಎಂಜಿನ್ ರೂಪಿಸಲು ಇದೇ ಅನುಭವ ನೆರವಾಯಿತು. 1919ರಲ್ಲಿ ಸ್ವಂತ ಕಂಪನಿ ಆರಂಭವಾಯಿತು.

ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 1923ರಲ್ಲಿ ಆರಂಭವಾದ 24 ಗಂಟೆಗಳ ಓಟವನ್ನು ಬೆಂಟ್ಲಿ ಮೊದಲು ಹುಚ್ಚಾಟವೆಂದೇ ಬಗೆದಿದ್ದ. ಗ್ರಾಹಕನೊಬ್ಬ ತನ್ನ ಬೆಂಟ್ಲಿಯನ್ನು ಅಲ್ಲಿಗೆ ಒಯ್ದು ನಾಲ್ಕನೆಯ ಸ್ಥಾನ ಪಡೆದ, ಮರುವರ್ಷ ಗೆದ್ದೇಬಿಟ್ಟ. 1927ರಲ್ಲಿ ಕಂಪನಿಯ ಮೂರು ಕಾರುಗಳು ಕಣದಲ್ಲಿದ್ದವು. ಕತ್ತಲಾದ ಮೇಲೆ ವೈಟ್ ಹೌಸ್ ಎಂಬ ತಿರುವಿನಲ್ಲಿ ಬೇರೊಂದು ಕಾರು ಅಡ್ಡಲಾಗಿ ನಿಂತಿತು. ಮೊದಲ ಎರಡು ಬೆಂಟ್ಲಿಗಳು ಅಲ್ಲಿಯೇ ನುಜ್ಜುಗುಜ್ಜಾದವು. ಮೂರನೆಯದನ್ನು ನಡೆಸುತ್ತಿದ್ದವನು ಸ್ಯಾಮಿ ಡೇವಿಸ್ ಎಂಬ ಪತ್ರಕರ್ತ. ರಸ್ತೆಯ ಮೇಲೆ ಚೆಲ್ಲಿದ್ದ ಮಣ್ಣು, ಮರದ ಚೂರುಗಳನ್ನು ಕಂಡು ವೇಗ ತಗ್ಗಿಸಿದರೂ ಡಿಕ್ಕಿ ತಪ್ಪಲಿಲ್ಲ. ಮುಂದಿನ ಅಚ್ಚು ಬಾಗಿತು, ಒಂದು ದೀಪ ಒಡೆಯಿತು. ಆ ಸ್ಥಿತಿಯಲ್ಲೇ ಡೇವಿಸ್ ಮತ್ತು ವೈದ್ಯನಾಗಿದ್ದ ಬೆಂಜಫೀಲ್ಡ್ ಸರದಿಯಂತೆ ಕಾರು ನಡೆಸಿದರು. ಮುಂದಿದ್ದ ಫ್ರೆಂಚ್ ಕಾರು ಕೊನೆಯ ಹಂತದಲ್ಲಿ ಕೆಟ್ಟು ನಿಂತಿತು, ಗೆಲುವು ಬೆಂಟ್ಲಿಯದಾಯಿತು. ಲಂಡನ್ನಿನ ಸವಾಯ್ ಹೋಟೆಲಿನ ವಿಜಯದ ಔತಣಕ್ಕೆ ಆ ಗಾಯಾಳು ಕಾರನ್ನೂ ಒಳಗೆ ತಂದು ನಿಲ್ಲಿಸಿದರು.

1928ರಲ್ಲೂ ಗೆಲುವು. 1929 ಮತ್ತು 1930ರಲ್ಲಿ ಗೆದ್ದದ್ದು ಒಂದೇ ಕಾರು: ಓಲ್ಡ್ ನಂಬರ್ ಒನ್ ಎಂದು ಹೆಸರಾದ 'ಸ್ಪೀಡ್ ಸಿಕ್ಸ್'.

ಆದರೆ ಲೆಕ್ಕಪುಸ್ತಕದ ಕಥೆ ಬೇರೆ. ಬಂಡವಾಳ ಆರಂಭದಿಂದಲೂ ಸಾಲುತ್ತಿರಲಿಲ್ಲ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳ ಸಂಪತ್ತಿನ ವಾರಸುದಾರ ವುಲ್ಫ್ ಬರ್ನಾಟೊ 1926ರಲ್ಲಿ ಹಣ ಹಾಕಿ ಅಧ್ಯಕ್ಷನಾದ. ಮೂರು ಬಾರಿ ತಾನೇ ಲೆ ಮಾನ್ಸ್ ಗೆದ್ದ. ಅಂದರೆ ಕಂಪನಿಯ ಉಸಿರು ಒಬ್ಬ ಶ್ರೀಮಂತನ ಉತ್ಸಾಹಕ್ಕೆ ಜೋತುಬಿದ್ದಿತ್ತು. ಜಗತ್ತು ಮಹಾ ಆರ್ಥಿಕ ಕುಸಿತಕ್ಕೆ ಜಾರುತ್ತಿದ್ದ 1930ರಲ್ಲಿ ಬೆಂಟ್ಲಿ ಎಂಟು ಲೀಟರ್ ಎಂಜಿನ್ನಿನ ಭಾರಿ ಕಾರನ್ನು ಮಾರುಕಟ್ಟೆಗೆ ತಂದ. ಕವಚವಿಲ್ಲದ ಚಾಸಿಯ ಬೆಲೆಯೇ 1,850 ಪೌಂಡು! ತಯಾರಾದದ್ದು 100 ಮಾತ್ರ. ಎಂಜಿನಿಯರನಾಗಿ ಇದು ಅವನ ಶಿಖರ. ವ್ಯಾಪಾರಿಯಾಗಿ ಆತ್ಮಹತ್ಯೆಗೆ ಸಮಾನ. ಮರುವರ್ಷ ಸಾಲದ ಕಂತಿಗೆ ಹಣ ಕೊಡಲು ಬರ್ನಾಟೊ ಒಪ್ಪಲಿಲ್ಲ.

ಕರಾರಿಗೆ ಕಟ್ಟುಬಿದ್ದ ಬೆಂಟ್ಲಿ ರೋಲ್ಸ್ ರಾಯ್ಸ್‌ನಲ್ಲಿ ದುಡಿಯಬೇಕಾಯಿತು. ವಿನ್ಯಾಸದ ಕೆಲಸವನ್ನು ಅವನಿಗೆ ಒಪ್ಪಿಸಲಿಲ್ಲ. 1935ರಲ್ಲಿ ಲಗೊಂಡ ಕಂಪನಿಗೆ ಹೋದ. ಅಲ್ಲಿ ಆತ ರೂಪಿಸಿದ ಕಾರಿಗೆ ಅವನ ಹೆಸರನ್ನು ಬಳಸಲು ಮುಂದಾದಾಗ ರೋಲ್ಸ್ ರಾಯ್ಸ್ ನ್ಯಾಯಾಲಯದ ಮೂಲಕ ತಡೆಯಿತು. ಅವನ ಎಂಜಿನ್ ಕೊನೆಗೆ ಆಸ್ಟನ್ ಮಾರ್ಟಿನ್ ಎಂಬ ಹೆಸರಿನಡಿ ಓಡಿತು. 1971ರ ಆಗಸ್ಟಿನಲ್ಲಿ ಬೆಂಟ್ಲಿ ನಿಧನನಾದ.

ಓಲ್ಡ್ ನಂಬರ್ ಒನ್ ಕೂಡ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಎಂಜಿನ್, ಕವಚ, ಬಿಡಿಭಾಗಗಳೆಲ್ಲ ಕಾಲಾಂತರದಲ್ಲಿ ಬದಲಾಗಿದ್ದ ಅದನ್ನು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಕಾರೇ ಅಲ್ಲವೆಂದು ವಾದಿಸಿದರು. ಭಾಗಗಳು ಬದಲಾದರೂ ಚರಿತ್ರೆ ಎಲ್ಲಿಯೂ ತುಂಡಾಗಿಲ್ಲ, ಆ ಹೆಸರು ಅದಕ್ಕೇ ಸಲ್ಲುತ್ತದೆ ಎಂದು 1990ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು.